ಹೊಟ್ಟೆಯೊಳಗಿನ ಮಗುವಿನ ಆ ಚಿತ್ರ: ಲಿಯೊನಾರ್ಡೊ ನಿಜಕ್ಕೂ ನೋಡಿದ್ದೇನು?

ಕೆಲವು ತಿಂಗಳ ಹಿಂದೆ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ದೊಡ್ಡಮ್ಮ ಒಂದು ಫಾರ್ವರ್ಡ್ ಹಾಕಿದರು. ಕಂದು ಬಣ್ಣದ ಹಳೆಯ ಕಾಗದ. ಅದರ ಮೇಲೆ ಒಡೆದ ಕಾಯಿಯ ಹಾಗೆ ಬಿಚ್ಚಿಕೊಂಡ ಗರ್ಭಕೋಶ, ಒಳಗೆ ಮೊಣಕಾಲು ಮಡಚಿ, ತಲೆ ತಗ್ಗಿಸಿ ಮುದುಡಿ ಕೂತ ಮಗು. ಸುತ್ತಲೂ ಓದಲಾಗದ ಪುಟ್ಟ ಅಕ್ಷರಗಳು. ಕೆಳಗಿದ್ದ ಬರಹದ ಸಾರ ಇಷ್ಟು: ಸ್ಕ್ಯಾನಿಂಗ್ ಬರುವುದಕ್ಕೆ 500 ವರ್ಷ ಮೊದಲೇ ಲಿಯೊನಾರ್ಡೊ ಡಾ ವಿಂಚಿ ಗರ್ಭದೊಳಗಿನದನ್ನು ಕೂದಲೆಳೆಯಷ್ಟೂ ತಪ್ಪಿಲ್ಲದೆ ಬಿಡಿಸಿದ್ದ. ಅದಕ್ಕಾಗಿ ರಾತ್ರಿ ಹೊತ್ತು ಸ್ಮಶಾನದಿಂದ ಹೆಣ ಕದಿಯುತ್ತಿದ್ದ. ಶವ ಕೊಯ್ಯುವುದನ್ನು ಚರ್ಚ್ ನಿಷೇಧಿಸಿತ್ತಾದ್ದರಿಂದ ಯಾರಿಗೂ ತಿಳಿಯದಂತೆ ಗುಪ್ತ ಲಿಪಿಯಲ್ಲಿ ಬರೆದಿಟ್ಟ. ಮನುಷ್ಯದೇಹವೆಲ್ಲ 1.618 ಎಂಬ ದೈವೀ ಸಂಖ್ಯೆಯ ಮೇಲೆ ನಿಂತಿದೆ ಎಂದೂ ಕಂಡುಹಿಡಿದ. ಹತ್ತು ಜನರಿಗೆ ಕಳಿಸಿ.

ಅದೇ ಗ್ರೂಪಿನಲ್ಲಿ ನನ್ನ ದೊಡ್ಡಮ್ಮನ ಮಗಳೂ ಇದ್ದಾಳೆ. ಆಗ ಅವಳಿಗೆ ಐದು ತಿಂಗಳು. ಅವಳು ನನಗೆ ಪ್ರತ್ಯೇಕವಾಗಿ ಮೆಸೇಜ್ ಮಾಡಿ ಕೇಳಿದಳು: ಚಿತ್ರದಲ್ಲಿ ಮಗುವಿನ ತಲೆ ಮೇಲಿದೆ, ಸ್ಕ್ಯಾನಿಂಗ್‌ನಲ್ಲಿ ನನ್ನದೂ ಹಾಗೇ ಇದೆ ಅಂದರು, ಮಗು ಇರಬೇಕಾದ್ದೇ ಹಾಗಾ? ಐದನೇ ತಿಂಗಳಲ್ಲಿ ಎಷ್ಟೋ ಮಕ್ಕಳು ತಲೆ ಮೇಲಾಗಿಯೇ ಇರುತ್ತವೆ, ಹೆರಿಗೆಯ ಹೊತ್ತಿಗೆ ಬಹುಪಾಲು ತಿರುಗಿ ತಲೆ ಕೆಳಗೆ ಬರುತ್ತವೆ, ತಿರುಗದಿದ್ದರೆ ಏನು ಮಾಡಬೇಕೆಂದು ಡಾಕ್ಟರಿಗೆ ಗೊತ್ತು ಎಂದು ಹೇಳಿದೆ. ಆದರೆ ಆ ಚಿತ್ರ ಎಷ್ಟು ಸರಿ ಎಂಬ ಪ್ರಶ್ನೆ ಹಾಗೇ ಉಳಿಯಿತು. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ಒಬ್ಬ ಮನುಷ್ಯನ ಇಡೀ ಬದುಕನ್ನೇ ಓದಬೇಕಾಯಿತು.

ಲಿಯೊನಾರ್ಡೊ ಹುಟ್ಟಿದ್ದು 1452ರ ಏಪ್ರಿಲ್ 15ರಂದು, ಇಟಲಿಯ ಫ್ಲಾರೆನ್ಸ್ ನಗರಕ್ಕೆ ಹತ್ತಿರದ ವಿಂಚಿ ಎಂಬ ಊರಿನಲ್ಲಿ. ಡಾ ವಿಂಚಿ ಎಂದರೆ ವಿಂಚಿಯವನು ಎಂದಷ್ಟೇ ಅರ್ಥ, ಅದು ಮನೆತನದ ಹೆಸರಲ್ಲ. ಅಪ್ಪ ಕಾಗದಪತ್ರ ನೋಂದಾಯಿಸುವ ನೋಟರಿ, ಅಮ್ಮ ಕತೆರೀನಾ. ಇಬ್ಬರಿಗೂ ಮದುವೆಯಾಗಿರಲಿಲ್ಲ. ಮದುವೆಯಿಲ್ಲದೆ ಹುಟ್ಟಿದ ಮಗ ಅಪ್ಪನ ಕಸುಬಿಗೆ ಸೇರುವಂತಿರಲಿಲ್ಲ, ಲ್ಯಾಟಿನ್ ಕಲಿಸುವ ಶಾಲೆಗೂ ಹೋಗಲಿಲ್ಲ. ಆ ಕಾಲದ ವೈದ್ಯಶಾಸ್ತ್ರವೆಲ್ಲ ಲ್ಯಾಟಿನ್‌ನಲ್ಲೇ ಇತ್ತು. ನಡುವಯಸ್ಸಿನಲ್ಲಿ ತಾನೇ ಕೂತು ಲ್ಯಾಟಿನ್ ಪದಗಳ ಪಟ್ಟಿ ಬರೆದುಕೊಂಡು ಕಲಿಯಲು ಹೆಣಗಿದ್ದು ಅವನ ಟಿಪ್ಪಣಿ ಪುಸ್ತಕಗಳಲ್ಲಿ ಕಾಣುತ್ತದೆ.

ಹುಡುಗನಿಗೆ ಚಿತ್ರ ಬಿಡಿಸುವುದು ಬರುತ್ತಿತ್ತು. ಫ್ಲಾರೆನ್ಸಿನ ವೆರೊಕಿಯೊ ಎಂಬ ಶಿಲ್ಪಿಯ ಕಾರ್ಯಾಗಾರಕ್ಕೆ ಕೆಲಸ ಕಲಿಯಲು ಸೇರಿಸಿದರು. ಚರ್ಮದ ಕೆಳಗೆ ಸ್ನಾಯು ಎಲ್ಲಿ ಉಬ್ಬುತ್ತದೆ, ಎಲ್ಲಿ ತಗ್ಗುತ್ತದೆ ಎಂದು ತಿಳಿಯದವನು ಮೈ ಬಿಡಿಸಲಾರ ಎಂಬುದು ಅಲ್ಲಿನ ಕಲಾವಿದರಿಗೆ ಗೊತ್ತಿದ್ದ ವಿಷಯ. ಇನ್ನೊಂದು ವಿಚಾರ ನನಗೆ ಬಹಳ ಹಿಡಿಸಿತು. ಫ್ಲಾರೆನ್ಸಿನಲ್ಲಿ ಚಿತ್ರಕಾರರು ಸೇರಿದ್ದು ವೈದ್ಯರು ಮತ್ತು ಔಷಧ ಮಾರುವವರ ಸಂಘಕ್ಕೆ. ಬಣ್ಣದ ಪುಡಿ ಸಿಗುತ್ತಿದ್ದದ್ದೂ ಔಷಧದ ಅಂಗಡಿಯಲ್ಲೇ. ಕಲೆಗೂ ವಿಜ್ಞಾನಕ್ಕೂ ಏನು ಸಂಬಂಧ ಎಂದು ಇಂದು ನಾವು ಸೆಮಿನಾರ್ ಮಾಡುತ್ತೇವೆ. ಅಲ್ಲಿ ಇಬ್ಬರೂ ಒಂದೇ ಅಂಗಡಿಯ ಗಿರಾಕಿಗಳು.

ಸುಮಾರು 30ನೇ ವಯಸ್ಸಿಗೆ ಲಿಯೊನಾರ್ಡೊ ಮಿಲಾನ್‌ಗೆ ಹೋದ. ಅಲ್ಲಿ 1489ರಲ್ಲಿ ಅವನ ಕೈಗೆ ಒಂದು ಮನುಷ್ಯನ ತಲೆಬುರುಡೆ ಸಿಕ್ಕಿತು. ಅದನ್ನು ಗರಗಸದಿಂದ ಸೀಳಿದ. ಕೊಯ್ಯದ ಅರ್ಧ, ಕೊಯ್ದ ಅರ್ಧ ಎರಡನ್ನೂ ಪಕ್ಕಪಕ್ಕದಲ್ಲೇ ಬಿಡಿಸಿದ. ಹೊರಗಿನ ಯಾವ ಜಾಗದ ಹಿಂದೆ ಒಳಗೇನಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ನೆಗಡಿ ಕಟ್ಟಿಕೊಂಡಾಗ ನೋಯುವ ಸೈನಸ್ ಇದೆಯಲ್ಲ, ಕೆನ್ನೆಮೂಳೆಯೊಳಗಿನ ಆ ಟೊಳ್ಳು, ಅದು ಈ ಹಾಳೆಗಳಲ್ಲಿ ಸ್ಪಷ್ಟವಾಗಿದೆ. ವೈದ್ಯರ ಪುಸ್ತಕದಲ್ಲಿ ಅದರ ವಿವರ ಬಂದದ್ದು ಒಂದೂವರೆ ಶತಮಾನ ಕಳೆದ ಮೇಲೆ.

ಇಷ್ಟು ಚೊಕ್ಕವಾಗಿ ಬುರುಡೆ ಬಿಡಿಸಿದವನು ಆಗ ಹುಡುಕುತ್ತಿದ್ದದ್ದು ಸೈನಸ್ ಅಲ್ಲ. ಬುರುಡೆಯ ಮೇಲೆ ಅಡ್ಡ ಉದ್ದ ಗೆರೆ ಎಳೆದು, ಅವು ಸೇರುವ ಜಾಗದಲ್ಲಿ ಆತ್ಮ ಕೂತಿರಬೇಕು ಎಂದು ಲೆಕ್ಕ ಹಾಕುತ್ತಿದ್ದ. ಹಳೆಯ ಪುಸ್ತಕಗಳು ಮಿದುಳಿನಲ್ಲಿ ಮೂರು ಗುಂಡನೆಯ ಕೋಣೆಗಳು ಸಾಲಾಗಿವೆ ಎನ್ನುತ್ತಿದ್ದವು. ಲಿಯೊನಾರ್ಡೊ ಆ ಕಾಲದಲ್ಲಿ ಬಿಡಿಸಿದ ಒಂದು ಹಾಳೆಯಲ್ಲಿ ಕೊಯ್ದ ಈರುಳ್ಳಿ ಇದೆ. ತಲೆಯೂ ಈರುಳ್ಳಿಯಂತೆ ಪದರ ಪದರ ಎಂದು ತೋರಿಸಲು ಬಿಡಿಸಿದ್ದು. ಅದರ ಪಕ್ಕದ ತಲೆಯೊಳಗೆ ನೋಡಿದರೆ ಪುಸ್ತಕದಲ್ಲಿ ಹೇಳಿದ್ದ ಅದೇ ಮೂರು ಗುಂಡು ಸಾಲಾಗಿ ಕೂತಿವೆ!

ಇನ್ನೊಂದು ಹಾಳೆ ಇದಕ್ಕಿಂತ ಸೋಜಿಗದ್ದು. ಗಂಡು ಹೆಣ್ಣು ಕೂಡುವುದನ್ನು ಉದ್ದಕ್ಕೆ ಸೀಳಿದಂತೆ ತೋರಿಸುವ ಚಿತ್ರ ಅದು. ಅದರಲ್ಲಿ ಬೆನ್ನುಹುರಿಯಿಂದ ಪುರುಷಾಂಗಕ್ಕೆ ಒಂದು ನಾಳ ಇಳಿದಿದೆ, ಗರ್ಭಕೋಶದಿಂದ ಮೊಲೆಗೆ ಇನ್ನೊಂದು ನಾಳ ಏರಿದೆ. ಎರಡೂ ಮನುಷ್ಯರಲ್ಲಿ ಇಲ್ಲ. ಪುಸ್ತಕಗಳು ಇದೆ ಎಂದಿದ್ದವು, ಇವನು ಬಿಡಿಸಿದ. ರೇಖೆ ಮಾತ್ರ ಕಣ್ಣಾರೆ ಕಂಡವನ ಹಾಗೆ ಖಚಿತವಾಗಿದೆ.

ಇದನ್ನು ನೋಡಿದಾಗ ನನಗೆ ನನ್ನ ಪಿಯುಸಿ ಪ್ರಾಕ್ಟಿಕಲ್ ರೆಕಾರ್ಡ್ ನೆನಪಾಯಿತು. ಹೃದಯದ ಚಿತ್ರವನ್ನು ಸೀನಿಯರ್ ಒಬ್ಬಳ ರೆಕಾರ್ಡ್ ನೋಡಿ ಬಿಡಿಸಿದ್ದೆ. ಅವಳೂ ಯಾರದ್ದನ್ನೋ ನೋಡಿ ಬಿಡಿಸಿದ್ದಳು. ಎಡ ಬಲದ ಹೆಸರು ಅದಲುಬದಲಾಗಿತ್ತು. ಅದೇ ತಪ್ಪು ಎಷ್ಟು ಬ್ಯಾಚುಗಳಿಂದ ನಡೆದುಬಂದಿತ್ತೋ ಏನೋ, ಎಲ್ಲರಿಗೂ ಪೂರ್ತಿ ಅಂಕ ಸಿಕ್ಕಿತ್ತು.

ಫಾರ್ವರ್ಡಿನ 1.618ರ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. ವೃತ್ತ ಮತ್ತು ಚೌಕದೊಳಗೆ ಕೈಕಾಲು ಚಾಚಿ ನಿಂತ ಮನುಷ್ಯನ ಚಿತ್ರ ಸುಮಾರು 1490ರದ್ದು, ಈಗ ವೆನಿಸ್‌ನಲ್ಲಿದೆ. ಅದರ ಸುತ್ತ ಲಿಯೊನಾರ್ಡೊ ಬರೆದ ಅಳತೆಗಳು ರೋಮಿನ ಪ್ರಾಚೀನ ವಾಸ್ತುಶಿಲ್ಪಿ ವಿಟ್ರುವಿಯಸ್‌ನಿಂದ ಬಂದವು. ನಾಲ್ಕು ಬೆರಳಿಗೆ ಒಂದು ಅಂಗೈ, ಆರು ಅಂಗೈಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಬ್ಬ ಮನುಷ್ಯ, ಕೈ ಚಾಚಿದ ಅಗಲದಷ್ಟೇ ಎತ್ತರ. ನಮ್ಮ ಮೊಳ, ಗೇಣಿನ ಲೆಕ್ಕದಂತೆಯೇ ಇವೆಲ್ಲ ಸರಳ ಭಿನ್ನರಾಶಿಗಳು. ಸುವರ್ಣ ಅನುಪಾತದ ಹೆಸರೇ ಅಲ್ಲಿಲ್ಲ. ಅಳೆದು ನೋಡಿದರೂ ಚಿತ್ರ 1.618ಕ್ಕೆ ಸರಿಯಾಗಿ ಕೂರುವುದಿಲ್ಲ. ಆಮೇಲೆ ಗಣಿತಜ್ಞ ಪಾಚೋಲಿ ಆ ಅನುಪಾತದ ಬಗ್ಗೆ ಬರೆದ ಪುಸ್ತಕಕ್ಕೆ ಲಿಯೊನಾರ್ಡೊ ಚಿತ್ರ ಬಿಡಿಸಿಕೊಟ್ಟದ್ದು ನಿಜ. ಅಲ್ಲಿಂದ ಈ ಗೊಂದಲ ಶುರುವಾಗಿರಬಹುದು.

ಅವನ ಬದುಕು ತಿರುಗಿದ್ದು 1507-08ರ ಚಳಿಗಾಲದಲ್ಲಿ. ಆಗ ಅವನಿಗೆ 55. ಫ್ಲಾರೆನ್ಸಿನ ಸಾಂತಾ ಮರಿಯಾ ನುವೊವಾ ಆಸ್ಪತ್ರೆಯಲ್ಲಿ ಒಬ್ಬ ಮುದುಕ ಮಂಚದ ಮೇಲೆ ಕೂತಿದ್ದ. ಲಿಯೊನಾರ್ಡೊ ಅವನ ಜೊತೆ ಮಾತಾಡಿದ. ತನಗೆ ನೂರು ದಾಟಿದೆ, ಸುಸ್ತು ಬಿಟ್ಟರೆ ಮೈಯಲ್ಲಿ ಬೇರೆ ಯಾವ ತೊಂದರೆಯೂ ಇಲ್ಲ ಎಂದು ಮುದುಕ ಹೇಳಿದ. ಕೆಲವು ಗಂಟೆಗಳಲ್ಲಿ ಕೂತಲ್ಲೇ, ಅಲುಗಾಡದೆ ತೀರಿಕೊಂಡ. ಇಷ್ಟು ನೆಮ್ಮದಿಯ ಸಾವಿಗೆ ಕಾರಣವೇನು ಎಂದು ತಿಳಿಯಲು ಲಿಯೊನಾರ್ಡೊ ಆ ದೇಹವನ್ನು ಕೊಯ್ದು ನೋಡಿದ. ಸ್ವಲ್ಪ ಹೊತ್ತಿನ ಮುಂಚೆ ಮಾತಾಡಿದ್ದ ಮನುಷ್ಯ ಅದು. ಓದುವಾಗ ನಾನು ಇಲ್ಲಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಒಳಗೆ ಕಂಡದ್ದು ಇದು: ಹೃದಯಕ್ಕೆ ರಕ್ತ ಕೊಡುವ ನಾಳಗಳು ಒಣಗಿ ಕಿರಿದಾಗಿದ್ದವು. ನಾಳದ ಗೋಡೆ ದಪ್ಪಗಾಗಿ ಒಳಗಿನ ದಾರಿ ಇಕ್ಕಟ್ಟಾಗಿತ್ತು. ಕಿತ್ತಳೆ ಹಳೆಯದಾದಂತೆ ಸಿಪ್ಪೆ ದಪ್ಪವಾಗಿ ತಿರುಳು ಕಡಿಮೆಯಾಗುತ್ತದಲ್ಲ, ಅದಕ್ಕೆ ಅವನು ಇದನ್ನು ಹೋಲಿಸಿದ್ದಾನೆ. ಲಿವರ್ ಬಣ್ಣಗೆಟ್ಟು ಕುಗ್ಗಿತ್ತು. ಅದೇ ಸಮಯಕ್ಕೆ ಎರಡು ವರ್ಷದ ಒಂದು ಮಗುವಿನ ದೇಹವನ್ನೂ ಕೊಯ್ದು ನೋಡಿ, ಅಲ್ಲಿ ಎಲ್ಲವೂ ಇದಕ್ಕೆ ತದ್ವಿರುದ್ಧ ಎಂದು ಬರೆದುಕೊಂಡ. ಮುದುಕನ ನಾಳ, ಮಗುವಿನ ನಾಳ ಎರಡನ್ನೂ ಪಕ್ಕದಲ್ಲಿಟ್ಟು ಬಿಡಿಸಿದ. ಒಂದು ಹಾವಿನಂತೆ ಸುತ್ತಿಕೊಂಡಿದೆ, ಇನ್ನೊಂದು ನೆಟ್ಟಗಿದೆ. ಇಂದು ನಾವು ಅಥೆರೋಸ್ಕ್ಲೆರೋಸಿಸ್ ಎನ್ನುವ ನಾಳ ಗಟ್ಟಿಯಾಗುವ ಕಾಯಿಲೆ ಮತ್ತು ಲಿವರ್ ಸಿರೋಸಿಸ್, ಎರಡಕ್ಕೂ ಇದು ಮೊದಲ ಸ್ಪಷ್ಟ ವಿವರಣೆ ಎಂದು ವೈದ್ಯಕೀಯ ಇತಿಹಾಸ ಬರೆಯುವವರು ಗುರುತಿಸುತ್ತಾರೆ. ಹೃದಯಾಘಾತಕ್ಕೆ ಬ್ಲಾಕ್ ಕಾರಣ ಎಂದು ಈಗ ಆಟೋ ಸ್ಟ್ಯಾಂಡಿನಲ್ಲೂ ಮಾತಾಡುತ್ತೇವೆ. ಆಗ ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ಬೇರೆಡೆಯಿಂದ ನಕಲು ಮಾಡಲು ಅಲ್ಲಿ ಏನೂ ಸಿಗುತ್ತಿರಲಿಲ್ಲ.

ಈ ದೇಹ ಕದ್ದದ್ದಲ್ಲ, ಆಸ್ಪತ್ರೆಯದ್ದು ಎಂಬುದನ್ನು ಗಮನಿಸಿ. ಚರ್ಚ್ ಶವಛೇದನ ನಿಷೇಧಿಸಿತ್ತು ಎಂಬ ಕಥೆ ಹುಟ್ಟಲು ಕಾರಣ 1299ರಲ್ಲಿ ಪೋಪ್ ಬೋನಿಫೇಸ್ ಹೊರಡಿಸಿದ ಒಂದು ಆಜ್ಞೆ. ದೂರದೇಶದಲ್ಲಿ ಸತ್ತವರ ದೇಹವನ್ನು ತುಂಡರಿಸಿ, ಕುದಿಸಿ, ಮೂಳೆ ಮಾತ್ರ ಊರಿಗೆ ತರುವ ಪದ್ಧತಿಯನ್ನು ಅದು ತಡೆದಿತ್ತು. ಅದಾಗಿ ಸುಮಾರು 15 ವರ್ಷಕ್ಕೇ ಬೊಲೊನ್ಯಾ ನಗರದಲ್ಲಿ ಮೊಂಡಿನೊ ಎಂಬ ವೈದ್ಯ ವಿದ್ಯಾರ್ಥಿಗಳ ಎದುರು ಶವ ಕೊಯ್ದು ಪಾಠ ಮಾಡುತ್ತಿದ್ದ. ಲಿಯೊನಾರ್ಡೊಗೆ ಇದರಿಂದ ತೊಂದರೆಯೇ ಆಗಲಿಲ್ಲ ಎಂದಲ್ಲ. 1515ರ ಸುಮಾರಿಗೆ ರೋಮಿನಲ್ಲಿದ್ದಾಗ ಅವನೊಡನೆ ಜಗಳವಾಡಿದ್ದ ಜರ್ಮನಿಯ ಒಬ್ಬ ಕನ್ನಡಿ ಕೆಲಸಗಾರ ಪೋಪ್‌ವರೆಗೆ ದೂರು ಮುಟ್ಟಿಸಿ, ಅಲ್ಲಿನ ಆಸ್ಪತ್ರೆಯಲ್ಲಿ ಶವ ಕೊಯ್ಯುವುದನ್ನು ನಿಲ್ಲಿಸಿಬಿಟ್ಟ. ಅಂದರೆ ಅಡ್ಡಿ ಬಂದದ್ದು ಚಾಡಿ ಮಾತಿನಿಂದ. ಇನ್ನು ಗುಪ್ತ ಲಿಪಿ? ಅವನು ಎಡಚ. ಬಲದಿಂದ ಎಡಕ್ಕೆ ಬರೆದರೆ ಹಸಿ ಶಾಯಿ ಕೈಗೆ ಮೆತ್ತುವುದಿಲ್ಲ. ಒಂದು ಕನ್ನಡಿ ಹಿಡಿದರೆ ಯಾರು ಬೇಕಾದರೂ ಓದಬಹುದಾದ ಬರಹದಲ್ಲಿ ಗುಟ್ಟು ಬಚ್ಚಿಡಲಾಗುವುದಿಲ್ಲ. ಬೇರೆಯವರು ನೋಡಬೇಕಾಗಿದ್ದ ನಕ್ಷೆಗಳಲ್ಲಿ ಅವನು ಎಲ್ಲರಂತೆಯೇ ಬರೆದಿದ್ದಾನೆ.

ಆದರೆ ಕೆಲಸ ಕಷ್ಟದ್ದೇ. ಫ್ರಿಜ್ ಇಲ್ಲ, ಫಾರ್ಮಲಿನ್ ಇಲ್ಲ. ಅದಕ್ಕೇ ಚಳಿಗಾಲ ಬೇಕು. ಒಂದು ದೇಹ ಕೊಳೆಯುವ ಮುಂಚೆ ಎಷ್ಟು ನೋಡಲಾಯಿತೋ ಅಷ್ಟು, ಉಳಿದದ್ದಕ್ಕೆ ಇನ್ನೊಂದು ದೇಹಕ್ಕೆ ಕಾಯಬೇಕು. ರಕ್ತನಾಳಗಳ ಒಂದು ಪೂರ್ತಿ ಚಿತ್ರಕ್ಕೆ ಹಲವು ದೇಹಗಳನ್ನು ಕೊಯ್ಯಬೇಕಾಯಿತು. ಕೊನೆಗಾಲದಲ್ಲಿ ತಾನು 30ಕ್ಕೂ ಹೆಚ್ಚು ದೇಹಗಳನ್ನು ಕೊಯ್ದಿದ್ದಾಗಿ ಅವನು ಅತಿಥಿಗಳಿಗೆ ಹೇಳಿದ್ದ. ಬಹಳ ಜನ ಕೇಳುವುದು, ಬಿಡಿಸುವುದೇಕೆ, ಬರೆದಿಟ್ಟರೆ ಸಾಲದೇ ಎಂದು. ಕೈಯನ್ನು ಮಾತಿನಲ್ಲಿ ವಿವರಿಸಿ ನೋಡಿ. ಹೆಬ್ಬೆರಳು ಮಡಚಿದಾಗ ಯಾವ ಸ್ನಾಯು ಎಲ್ಲಿಂದ ಎಳೆಯುತ್ತದೆ ಎಂದು ನಾಲ್ಕು ಪುಟ ಬರೆದರೂ ಓದಿದವನಿಗೆ ಗೋಜಲು. ಬಿಡಿಸುವವನು ಮಾತ್ರ ಎಲ್ಲಿಯೂ ತೇಲಿಸಿ ಹೋಗುವಂತಿಲ್ಲ. ಪ್ರತಿ ಗೆರೆಯೂ ಎಲ್ಲೋ ಶುರುವಾಗಿ ಎಲ್ಲೋ ಮುಗಿಯಲೇಬೇಕು, ಮುಗಿಯುವ ಜಾಗ ಗೊತ್ತಿಲ್ಲದಿದ್ದರೆ ಮತ್ತೆ ಹೋಗಿ ನೋಡಬೇಕು.

1510-11ರ ಚಳಿಗಾಲದಲ್ಲಿ ಅವನು ಹೀಗೆ ಮತ್ತೆ ಮತ್ತೆ ನೋಡಿದ. ಜೊತೆಗಿದ್ದವನು ಪಾವಿಯಾ ವಿಶ್ವವಿದ್ಯಾಲಯದ ಯುವ ಅಂಗರಚನಾ ಪ್ರಾಧ್ಯಾಪಕ ಮಾರ್ಕಾಂಟೋನಿಯೊ ದೆಲ್ಲಾ ತೊರ್ರೆ. ಆ ಕಾಲದ 18 ಹಾಳೆಗಳಲ್ಲಿ 240ಕ್ಕೂ ಹೆಚ್ಚು ಚಿತ್ರಗಳಿವೆ. ಹಸ್ತವನ್ನು ಮೂಳೆಯಿಂದ ಶುರುಮಾಡಿ ಒಂದೊಂದೇ ಪದರ ಹೊದಿಸುತ್ತ ಬಂದಿದ್ದಾನೆ. ಭುಜವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ನಾವೇ ಸುತ್ತು ಹಾಕಿ ನೋಡುತ್ತಿದ್ದೇವೋ ಎನ್ನುವಂತೆ ಸಾಲಾಗಿ ಬಿಡಿಸಿದ್ದಾನೆ. ಕೆಲವೆಡೆ ಸ್ನಾಯು ತೆಗೆದು ಅದರ ಜಾಗದಲ್ಲಿ ಹುರಿ ಕಟ್ಟಿದ್ದಾನೆ, ಎಳೆತ ಯಾವ ದಿಕ್ಕಿಗೆ ಎಂದು ಕಾಣಲಿ ಎಂದು. ಬೆನ್ನೆಲುಬಿನ ಬಾಗುಗಳನ್ನು ಅಷ್ಟು ಸರಿಯಾಗಿ ಅದುವರೆಗೆ ಯಾರೂ ತೋರಿಸಿರಲಿಲ್ಲ. ಇಂದು ಮೊಬೈಲಿನಲ್ಲಿ ಬೆರಳಾಡಿಸಿ ತಿರುಗಿಸುವ ಮೂರು ಆಯಾಮದ ಅನಾಟಮಿ ಆ್ಯಪ್‌ಗಳು ಮಾಡುವುದೂ ಇದನ್ನೇ.

ಮಿದುಳಿನ ಕೋಣೆಗಳಿಗೂ ಅಷ್ಟರಲ್ಲಿ ಉತ್ತರ ಸಿಕ್ಕಿತ್ತು. ಎತ್ತಿನ ಮಿದುಳಿಗೆ ರಂಧ್ರ ಮಾಡಿ ಕರಗಿಸಿದ ಮೇಣ ಹುಯ್ದು, ಗಟ್ಟಿಯಾದ ಮೇಲೆ ಮಿದುಳನ್ನು ಬಿಡಿಸಿ ತೆಗೆದ. ಉಳಿದ ಮೇಣದ ಅಚ್ಚಿನಲ್ಲಿ ಮೂರು ಗುಂಡುಗಳ ಸಾಲಿನ ಸುಳಿವೇ ಇರಲಿಲ್ಲ, ಕೊಂಬಿನಂತೆ ಬಾಗಿದ ಬೇರೆಯೇ ಆಕಾರ ಬಂತು. ಹಾಗೆಂದು ಅವನ ಎಲ್ಲ ಉಪಾಯಗಳೂ ಫಲಿಸಲಿಲ್ಲ. ಕಣ್ಣುಗುಡ್ಡೆ ಮೆತ್ತಗಿರುವುದರಿಂದ ಕೊಯ್ದರೆ ಹರಿದುಹೋಗುತ್ತದೆ. ಅದನ್ನು ಮೊಟ್ಟೆಯ ಬಿಳಿಯೊಳಗಿಟ್ಟು ಬೇಯಿಸಿ, ಗಟ್ಟಿಯಾದ ಮೇಲೆ ಹೆಚ್ಚಬೇಕೆಂದು ಹೇಳಿದ. ಆದರೆ ಬೆಂದಾಗ ಕಣ್ಣಿನ ಮಸೂರ ಚೆಂಡಿನಂತೆ ಗುಂಡಗಾಗುತ್ತದೆ, ಅವನ ಚಿತ್ರಗಳಲ್ಲಿ ಅದು ಗುಂಡಗೇ ಇದೆ.

1511ರಲ್ಲಿ ದೆಲ್ಲಾ ತೊರ್ರೆ ಪ್ಲೇಗಿನಿಂದ ಸತ್ತ. ಮಿಲಾನ್ ಸುತ್ತ ಯುದ್ಧ ಶುರುವಾಯಿತು. ಲಿಯೊನಾರ್ಡೊ ಅದ್ದಾ ನದಿಯ ದಂಡೆಯ ವಾಪ್ರಿಯೊ ಊರಿನಲ್ಲಿ, ಶಿಷ್ಯ ಫ್ರಾನ್ಚೆಸ್ಕೊ ಮೆಲ್ಜಿಯ ಮನೆ ಸೇರಿದ. ಅಲ್ಲಿ ಮನುಷ್ಯದೇಹ ಸಿಗುವಂತಿರಲಿಲ್ಲ, ಎತ್ತಿನ ಹೃದಯ ಸಿಗುತ್ತಿತ್ತು. ಅದನ್ನೇ ಬಿಡಿಸಿದ. ನನ್ನ ದೃಷ್ಟಿಯಲ್ಲಿ ಅವನ ಇಡೀ ಬದುಕಿನ ಅತ್ಯುತ್ತಮ ಕೆಲಸ ಇದು, ಮೊನಾಲಿಸಾಗಿಂತಲೂ ಹೆಚ್ಚು. ಒಪ್ಪದವರು ಒಪ್ಪದಿರಲಿ.

ಹೃದಯದಿಂದ ಮಹಾಪಧಮನಿ ಹೊರಡುವ ಜಾಗದಲ್ಲಿ ಮೂರು ಎಸಳಿನ ಕವಾಟ ಇದೆ. ಅದು ಒಂದೇ ದಿಕ್ಕಿಗೆ ರಕ್ತ ಬಿಡುತ್ತದೆ. ಕವಾಟದ ಹಿಂದೆ ನಾಳದ ಗೋಡೆ ಮೂರು ಕಡೆ ಹೊರಕ್ಕೆ ಉಬ್ಬಿದೆ. ಏಕೆ? ಲಿಯೊನಾರ್ಡೊ ವರ್ಷಗಟ್ಟಲೆ ಕಾಲುವೆ, ನದಿಗಳಲ್ಲಿ ನೀರಿನ ಸುಳಿ ನೋಡಿದವನು. ರಕ್ತ ರಭಸದಿಂದ ಹೊರಬಂದಾಗ ಅಂಚಿನ ರಕ್ತ ಈ ಉಬ್ಬುಗಳಲ್ಲಿ ಸುಳಿ ಸುತ್ತುತ್ತದೆ, ಆ ಸುಳಿಯೇ ಎಸಳುಗಳನ್ನು ಬಿಡಿಸಿ ಮುಚ್ಚುತ್ತದೆ ಎಂದು ಊಹಿಸಿದ. ಊಹೆಯನ್ನು ಪರೀಕ್ಷಿಸುವ ವಿಧಾನವನ್ನೂ ಬರೆದಿಟ್ಟ. ಎತ್ತಿನ ಹೃದಯಕ್ಕೆ ಮೇಣ ಹುಯ್ದು ಅಚ್ಚು ತೆಗೆಯಬೇಕು, ಅದರ ಮೇಲೆ ಗಾಜಿನ ನಾಳ ಮಾಡಿಸಬೇಕು, ನೀರಿನಲ್ಲಿ ಹುಲ್ಲಿನ ಬೀಜ ಬೆರೆಸಿ ಹರಿಸಿದರೆ ಸುಳಿ ಕಣ್ಣಿಗೆ ಕಾಣುತ್ತದೆ. 1960ರ ದಶಕದ ಕೊನೆಗೆ ಆಕ್ಸ್‌ಫರ್ಡ್‌ನ ಎಂಜಿನಿಯರ್ ಬ್ರಯನ್ ಬೆಲ್‌ಹೌಸ್ ಇಂಥದ್ದೇ ಮಾದರಿ ಕಟ್ಟಿ ಸುಳಿಗಳ ಪಾತ್ರವನ್ನು ತೋರಿಸಿದರು. ಈಗ ಬದುಕಿರುವವರ ಹೃದಯದಲ್ಲೇ ಎಂಆರ್‌ಐ ಮೂಲಕ ಆ ಸುಳಿಗಳನ್ನು ನೋಡಬಹುದು. ಕೃತಕ ಕವಾಟ ಮಾಡುವವರಿಗೂ, ಈ ಜಾಗದ ಆಪರೇಷನ್ ಮಾಡುವವರಿಗೂ ಇದು ಮುಖ್ಯವಾದ ವಿಚಾರ.

ಇಷ್ಟು ಕಂಡವನು ರಕ್ತ ದೇಹದಲ್ಲಿ ಸುತ್ತು ಹೊಡೆಯುತ್ತದೆ ಎಂಬುದನ್ನು ಮಾತ್ರ ಕಾಣಲಿಲ್ಲ. ಹೃದಯದ ನಡುಗೋಡೆಯಲ್ಲಿ ಸೂಕ್ಷ್ಮ ರಂಧ್ರಗಳಿವೆ, ರಕ್ತ ಅದರ ಮೂಲಕ ಸೋರುತ್ತದೆ ಎಂದು ಪ್ರಾಚೀನ ಗ್ರೀಕ್ ವೈದ್ಯ ಗೇಲನ್ ಹೇಳಿದ್ದನ್ನು ಕೊನೆಯವರೆಗೂ ಬಿಡಲಿಲ್ಲ. ಆ ಗಂಟು ಬಿಡಿಸಿದ್ದು 1628ರಲ್ಲಿ ವಿಲಿಯಂ ಹಾರ್ವೆ.

1516ರಲ್ಲಿ ಫ್ರಾನ್ಸಿನ ದೊರೆಯ ಆಹ್ವಾನದ ಮೇಲೆ ಲಿಯೊನಾರ್ಡೊ ಆಂಬ್ವಾಸ್‌ಗೆ ಹೋದ. ಅಲ್ಲೇ 1519ರ ಮೇ 2ರಂದು, 67ನೇ ವಯಸ್ಸಿನಲ್ಲಿ ಸತ್ತ. ಅಂಗರಚನೆಯ ಪುಸ್ತಕ ಮುಗಿಸಬೇಕೆಂದು ಇಪ್ಪತ್ತು ವರ್ಷದಿಂದ ಅಂದುಕೊಳ್ಳುತ್ತಿದ್ದ, ಮುಗಿಸಲಿಲ್ಲ. ಹಾಳೆಗಳೆಲ್ಲ ಮೆಲ್ಜಿಯ ಪಾಲಿಗೆ ಬಂದವು. ಅವನು ಐವತ್ತು ವರ್ಷ ಜೋಪಾನ ಮಾಡಿದ, ಅಚ್ಚು ಹಾಕಿಸಲಿಲ್ಲ. 1543ರಲ್ಲಿ ವೆಸಾಲಿಯಸ್ ಎಂಬ ವೈದ್ಯ ಚಿತ್ರಗಳಿಂದ ತುಂಬಿದ ದೊಡ್ಡ ಗ್ರಂಥ ಅಚ್ಚು ಹಾಕಿಸಿದ, ಆಧುನಿಕ ಅಂಗರಚನಾಶಾಸ್ತ್ರದ ತಂದೆ ಎಂಬ ಹೆಸರು ಅವನಿಗೆ ಹೋಯಿತು. ಅದರಲ್ಲಿ ಅನ್ಯಾಯವೇನಿಲ್ಲ. ಮುದುಕನ ಒಣಗಿದ ನಾಳ, ಗಾಜಿನೊಳಗಿನ ಸುಳಿ, ಕೆನ್ನೆಯ ಟೊಳ್ಳು ಇವೆಲ್ಲ ಒಂದು ಪೆಟ್ಟಿಗೆಯಲ್ಲಿದ್ದವು. ಹೊರಗೆ ರೋಗಿಗಳಿಗೆ ಚಿಕಿತ್ಸೆ ಕೊಡುತ್ತಿದ್ದ ಯಾವ ವೈದ್ಯನಿಗೂ ಅವು ಸಿಗಲಿಲ್ಲ. ಹಾಳೆಗಳು ಕೈ ಬದಲಾಯಿಸುತ್ತ 17ನೇ ಶತಮಾನದಲ್ಲಿ ಇಂಗ್ಲೆಂಡ್ ತಲುಪಿ ರಾಜಮನೆತನದ ಸಂಗ್ರಹ ಸೇರಿದವು. 18ನೇ ಶತಮಾನದಲ್ಲಿ ಅವುಗಳ ಬೆಲೆ ಗುರುತಿಸಿದ ಮೊದಲಿಗರಲ್ಲಿ ಒಬ್ಬ ವಿಲಿಯಂ ಹಂಟರ್, ಲಂಡನ್ನಿನ ಹೆಸರಾಂತ ಹೆರಿಗೆ ವೈದ್ಯ. ಆದರೂ ಅವೆಲ್ಲ ಅಚ್ಚಾಗಲು 1900ರ ಆಸುಪಾಸಿನವರೆಗೆ ಕಾಯಬೇಕಾಯಿತು.

ಹಂಟರ್ 1774ರಲ್ಲಿ ತನ್ನದೇ ಒಂದು ಚಿತ್ರಸಂಪುಟ ಹೊರತಂದ. ವಿಷಯ, ಬಸಿರಾದ ಹೆಣ್ಣಿನ ಗರ್ಭಕೋಶ. ಅದನ್ನೂ ಲಿಯೊನಾರ್ಡೊನ ಮಗುವಿನ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನನ್ನ ಅಕ್ಕನ ಪ್ರಶ್ನೆಗೆ ಉತ್ತರ ಸಿಗುತ್ತದೆ. ಲಿಯೊನಾರ್ಡೊನ ಮಗು ಸುಮಾರು 1511ರದ್ದು. ಮುದುಡಿದ ಬಗೆ, ಹೊಕ್ಕುಳುಬಳ್ಳಿ, ಪಾದದ ಮಡಿಕೆ ಎಲ್ಲವೂ ಮನುಷ್ಯ ಶಿಶುವಿನವೇ. ಈಗ ಅದರ ಸುತ್ತಲಿನ ಗೋಡೆ ನೋಡಿ. ಬೆರಳಿಗೆ ಬೆರಳು ಹೆಣೆದಂತೆ ಕಚ್ಚಿಕೊಂಡ ಗುಂಡಿಗಳಂಥ ರಚನೆಗಳಿವೆ. ಅದು ಜರಾಯು, ಹಳ್ಳಿಯ ಮಾತಿನಲ್ಲಿ ಮಾಸು. ಮನುಷ್ಯರಲ್ಲಿ ಮಾಸು ಒಂದೇ, ತಟ್ಟೆಯಂತೆ ಗರ್ಭಕೋಶದ ಒಂದು ಕಡೆ ಅಂಟಿಕೊಂಡಿರುತ್ತದೆ. ಹೀಗೆ ಗುಂಡಿ ಗುಂಡಿಯಾಗಿ ಹರಡಿರುವುದು ಹಸುವಿನಲ್ಲಿ. ಕರು ಹಾಕಿದ ಹಸುವಿನ ಮಾಸು ನೋಡಿದವರಿಗೆ ಇದು ತಕ್ಷಣ ತಿಳಿಯುತ್ತದೆ. ಅವನು ಹಸುವಿನ ಗರ್ಭಕೋಶವನ್ನು ಕೊಯ್ದು ನೋಡಿ ಬಿಡಿಸಿದ ಹಾಳೆಯೂ ಉಳಿದಿದೆ. ಹಸುವಿನಲ್ಲಿ ಕಂಡದ್ದನ್ನು ತಂದು ಮನುಷ್ಯ ಶಿಶುವಿನ ಸುತ್ತ ಕೂರಿಸಿದ್ದಾನೆ.

ಅಕ್ಕನಿಗೆ ಈ ಎರಡು ಚಿತ್ರ ಕಳಿಸಿದೆ. ಗ್ರೂಪಿಗೂ ಒಂದು ಚಿಕ್ಕ ವಿವರಣೆ ಹಾಕಿದೆ: ಮಗು ಮನುಷ್ಯನದು, ಮಾಸು ಹಸುವಿನದು, ಹೆಣ ಆಸ್ಪತ್ರೆಯದು. ದೊಡ್ಡಮ್ಮ ಹುಟ್ಟಿ ಬೆಳೆದದ್ದು ಕೊಟ್ಟಿಗೆ ಇರುವ ಮನೆಯಲ್ಲಿ. ಚಿತ್ರವನ್ನು ದೊಡ್ಡದು ಮಾಡಿ ನೋಡಿ, ಹೌದಲ್ಲ, ಇದು ನಮ್ಮ ಗೌರಿಯದ್ದೇ ಎಂದರು. ಎಂಟನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಅಕ್ಕನ ಮಗು ತಲೆ ಕೆಳಗೆ ಮಾಡಿತ್ತು.